ಅಪ್‌ಡೇಟ್ ಅರ್ಧದಲ್ಲಿ ನಿಂತಾಗ ಮಾಡತಕ್ಕದ್ದು

ಪ್ರತಿ ತಿಂಗಳ ಎರಡನೆಯ ಮಂಗಳವಾರ, ಅಮೆರಿಕದ ಪಶ್ಚಿಮ ತೀರದಲ್ಲಿ ಬೆಳಗಿನ ಹತ್ತು ಗಂಟೆಯಾಗಿ ನಮ್ಮಲ್ಲಿ ಜನರು ಊಟ ಮುಗಿಸಿ ದೀಪವಾರಿಸುವ ವೇಳೆಗೆ, ಅಂದರೆ ಅಲ್ಲಿಯ ಬೇಸಗೆಯಲ್ಲಾದರೆ ನಮ್ಮ ರಾತ್ರಿ ಹತ್ತೂವರೆಗೂ ಚಳಿಗಾಲದಲ್ಲಾದರೆ ಹನ್ನೊಂದೂವರೆಗೂ, ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯ ಆ ತಿಂಗಳ ಪರಿಷ್ಕರಣವನ್ನು ಲೋಕಕ್ಕೆಲ್ಲ ಒಮ್ಮೆಗೇ ಬಿಡುಗಡೆ ಮಾಡುತ್ತಾರೆ. 2003ರ ಅಕ್ಟೋಬರಿನಿಂದ ನಡೆದುಬಂದಿರುವ ಈ ಪದ್ಧತಿಯ ಫಲವಾಗಿ, ಬುಧವಾರ ಬೆಳಗಾಗುವಷ್ಟರಲ್ಲಿ ನಮ್ಮ ಮನೆಗಳ ಕಂಪ್ಯೂಟರುಗಳು ರೀಸ್ಟಾರ್ಟ್ ಮಾಡಲು ಅಪ್ಪಣೆ ಬೇಡುತ್ತ ನಿಂತಿರುತ್ತವೆ. ಹೆಚ್ಚಿನ ಮನೆಗಳಲ್ಲಿ ಈ ಕಾರ್ಯವು ಯಾರ ಲಕ್ಷ್ಯಕ್ಕೂ ಬಾರದೆ ಮುಗಿದುಹೋಗುವುದಾದರೂ, ಕೆಲವೆಡೆ ಶೇಕಡಾ ಮೂವತ್ತೋ ತೊಂಬತ್ತೆಂಟೋ ಆದಮೇಲೆ ಪರದೆಯು ಸ್ತಬ್ಧವಾಗಿ, ಬಹಳ ಹೊತ್ತಿನ ಮೇಲೆ, ಅಪ್‌ಡೇಟ್ ಪೂರ್ಣವಾಗಲಿಲ್ಲವೆಂದೂ ಮಾಡಿದ ಬದಲಾವಣೆಗಳನ್ನು ಹಿಂತೆಗೆದುಕೊಳ್ಳಲಾಗುತ್ತಿದೆಯೆಂದೂ ಯಂತ್ರವನ್ನು ಆರಿಸಕೂಡದೆಂದೂ ತಿಳಿಸುವ ವಾಕ್ಯಗಳು ಮೂಡಿ, ಮನೆಯವರಲ್ಲಿ ಗಾಬರಿಯನ್ನುಂಟುಮಾಡುತ್ತವೆ.

ಗಾಬರಿಗೊಂಡವರು ಸಾಮಾನ್ಯವಾಗಿ ಹಿಡಿಯುವ ದಾರಿಗಳು ಎರಡು. ಒಂದು, ಇನ್ನು ಈ ಅಪ್‌ಡೇಟಿನ ಸಹವಾಸವೇ ಬೇಡವೆಂದು ಅದನ್ನು ಶಾಶ್ವತವಾಗಿ ನಿಲ್ಲಿಸಿಬಿಡುವುದು. ಮತ್ತೊಂದು, ಪರಿಚಯದ ರಿಪೇರಿಯವನನ್ನು ಕರೆಸಿ, ಅವನು ಪೂರ್ವಾಪರವನ್ನು ವಿಚಾರಿಸದೆಯೇ ಹೇಳುವ ‘ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್’ ಎಂಬ ಮಾತಿಗೆ ತಲೆಯಾಡಿಸುವುದು. ಮೊದಲನೆಯದರ ಅನರ್ಥವನ್ನು ತಿಳಿಯಬೇಕಾದರೆ 2017ರ ಮೇ 12ರಂದು ಲೋಕದ ನೂರೈವತ್ತಕ್ಕೂ ಹೆಚ್ಚು ದೇಶಗಳಲ್ಲಿ ಕಂಪ್ಯೂಟರುಗಳನ್ನು ಬೀಗ ಹಾಕಿ ಕೂಡಿಸಿದ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವನ್ನು ನೆನೆಯಬೇಕು. ಅದು ನುಸುಳಿದ ಬಿರುಕನ್ನು ಮುಚ್ಚುವ ಪರಿಷ್ಕರಣವು ಅದೇ ವರ್ಷದ ಮಾರ್ಚ್ 14ರಂದೇ, ಎಂದರೆ ಸುಮಾರು ಎರಡು ತಿಂಗಳು ಮೊದಲೇ, ಬಂದಾಗಿತ್ತು. ಹಾಕಿಕೊಂಡವರು ಉಳಿದರು, ಉಪೇಕ್ಷಿಸಿದವರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳೂ ಇದ್ದವು. ಎರಡನೆಯ ದಾರಿಯಾದರೋ ತಪ್ಪೆನ್ನುವಂತಿಲ್ಲ, ಆದರೆ ಅದು ಕಟ್ಟಕಡೆಗೆ ಹಿಡಿಯಬೇಕಾದ ದಾರಿ. ಅದಕ್ಕೆ ಮುಂಚೆ ಮಾಡಿನೋಡತಕ್ಕ, ಹಣ ಖರ್ಚಾಗದ, ಒಂದು ಕಡತವನ್ನೂ ಕಳೆಯದ ಉಪಾಯಗಳು ಹಲವಿವೆ. ಅವುಗಳನ್ನು ಸುಲಭವಾದುದರಿಂದ ಕಠಿನವಾದುದರ ಕಡೆಗೆ, ಒಂದು ಬಾರಿಗೆ ಒಂದರಂತೆ ಪ್ರಯೋಗಿಸಿ, ಪ್ರತಿಯೊಂದರ ನಂತರವೂ ಅಪ್‌ಡೇಟನ್ನು ಮತ್ತೆ ನಡೆಸಿನೋಡಿದರೆ ಸಾಮಾನ್ಯ ಗೃಹಸ್ಥನೇ ಬಹುಪಾಲು ತೊಡಕುಗಳನ್ನು ಬಿಡಿಸಿಕೊಳ್ಳಬಲ್ಲನು ಎಂಬುದು ಈ ಲೇಖಕನ ಅಭಿಮತ.

ಮೊದಲು, ಅಪ್‌ಡೇಟ್ ನಡೆಯುವಾಗ ಒಳಗೆ ಆಗುವುದೇನೆಂಬುದನ್ನು ತಿಳಿದಿದ್ದರೆ ಒಳ್ಳೆಯದು. ಯಂತ್ರವು ತನ್ನಲ್ಲಿರುವುದನ್ನು ಪರೀಕ್ಷಿಸಿ ಬೇಕಾದುದನ್ನು ಗೊತ್ತುಮಾಡಿಕೊಳ್ಳುವುದು, ಅದನ್ನು ಅಂತರ್ಜಾಲದಿಂದ ಇಳಿಸಿಕೊಳ್ಳುವುದು, ಇಳಿಸಿದ್ದನ್ನು ಬಿಚ್ಚಿ ಸಿದ್ಧಮಾಡಿಟ್ಟುಕೊಳ್ಳುವುದು, ಕಡೆಗೆ ರೀಸ್ಟಾರ್ಟ್ ಆಗುವ ಸಮಯದಲ್ಲಿ ಹಳೆಯ ಕಡತಗಳ ಸ್ಥಾನದಲ್ಲಿ ಹೊಸವನ್ನು ಕೂರಿಸುವುದು, ಇವಿಷ್ಟೂ ಘಟ್ಟಗಳು. ಹೆಂಚಿನ ಮನೆಯ ಮಾಡನ್ನು ಬಿಚ್ಚಿ ಹೊಸ ಹೆಂಚು ಹೊದಿಸುವವರು ಮಳೆ ಬರುವ ಸೂಚನೆ ಕಂಡೊಡನೆ ಇಳಿಸಿಟ್ಟಿದ್ದ ಹಳೆಯ ಹೆಂಚುಗಳನ್ನೇ ಮರಳಿ ಏರಿಸಿ ಮನೆಯನ್ನು ನೆನೆಯದಂತೆ ಕಾಯುವ ಹಾಗೆ, ಈ ಕಡೆಯ ಘಟ್ಟದಲ್ಲಿ ವಿಘ್ನವೊದಗಿದರೆ ವಿಂಡೋಸ್ ತಾನು ತೆಗೆದಿರಿಸಿದ್ದ ಹಳೆಯ ಕಡತಗಳನ್ನೇ ಪುನಃ ಸ್ವಸ್ಥಾನದಲ್ಲಿರಿಸಿ ನಿನ್ನೆಯ ಸ್ಥಿತಿಗೆ ಹಿಂದಿರುಗುತ್ತದೆ. ಆದಕಾರಣ ಬದಲಾವಣೆಗಳನ್ನು ಹಿಂತೆಗೆದುಕೊಳ್ಳುತ್ತಿರುವುದಾಗಿ ಹೇಳುವ ಆ ಭಯಂಕರ ವಾಕ್ಯವು ವಾಸ್ತವದಲ್ಲಿ ಅಭಯವಾಕ್ಯವೇ ಆಗಿದೆ. ಭಯಪಡಬೇಕಾದದ್ದು ಆ ಹಿಂತೆಗೆತದ ನಡುವೆ ಯಾರಾದರೂ ತಾಳ್ಮೆಗೆಟ್ಟು ಸ್ವಿಚ್ಚನ್ನು ಆರಿಸಿದಾಗ.

ಹೀಗಿರಲು, ಮೊದಲನೆಯ ಉಪಾಯ ಕಾಯುವುದೇ. ಪರದೆಯ ಮೇಲಿನ ಶೇಕಡಾವಾರು ಸಂಖ್ಯೆಯು ಸಮಾನ ಗತಿಯಲ್ಲಿ ಓಡುವಂಥದಲ್ಲ. ಎಪ್ಪತ್ತರವರೆಗೆ ಐದು ನಿಮಿಷದಲ್ಲಿ ಬಂದು, ಅಲ್ಲಿಂದ ಎಪ್ಪತ್ತೊಂದಕ್ಕೆ ಏರಲು ಮುಕ್ಕಾಲು ಗಂಟೆ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಎಸ್‌ಎಸ್‌ಡಿ ಇರುವ ಈಚಿನ ಯಂತ್ರಗಳಲ್ಲಿ ಕ್ಷಿಪ್ರವಾಗಿ ಮುಗಿಯುವ ಕೆಲಸವು ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಗಂಟೆಗಟ್ಟಲೆ ಹಿಡಿಯುವುದುಂಟು. ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಡಿಸ್ಕಿನ ಕೆಲಸವನ್ನು ತೋರಿಸುವ ಪುಟ್ಟ ದೀಪವಿದ್ದರೆ ಅದನ್ನು ನೋಡುತ್ತಿರಬೇಕು. ಅದು ಎಡೆಬಿಡದೆಯಾದರೂ ಆಗಾಗ್ಗೆಯಾದರೂ ಮಿನುಗುತ್ತಿದ್ದರೆ ಒಳಗೆ ಕೆಲಸ ಸಾಗುತ್ತಿದೆಯೆಂದೇ ತಿಳಿಯತಕ್ಕದ್ದು. ಮೂರು ನಾಲ್ಕು ಗಂಟೆ ಕಳೆದರೂ ಸಂಖ್ಯೆಯು ಅಲುಗದೆ, ದೀಪವೂ ಸತ್ತಂತಿದ್ದರೆ ಮಾತ್ರ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು ಆರಿಸಿ ಪುನಃ ಹಚ್ಚಬಹುದು. ಮಳೆಗಾಲದ ಸಂಜೆಯಲ್ಲಿ ಕರೆಂಟು ಹೋಗುವುದೇ ವಾಡಿಕೆಯಾದ ನಮ್ಮ ಊರುಗಳಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಅಪ್‌ಡೇಟನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು ವಿಹಿತ. ಲ್ಯಾಪ್‌ಟಾಪಿಗಾದರೆ ಚಾರ್ಜರ್ ಸಿಕ್ಕಿಸಿರಬೇಕು.

ಯಂತ್ರವು ಹಳೆಯ ಸ್ಥಿತಿಗೆ ಮರಳಿ, ಡೆಸ್ಕ್‌ಟಾಪ್ ಕಾಣಿಸಿಕೊಂಡಿತೆಂದು ಇಟ್ಟುಕೊಳ್ಳೋಣ. ಆಗ ಮಾಡತಕ್ಕ ಮೊದಲ ಕೆಲಸವೆಂದರೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟವನ್ನು ತೆರೆದು, ಅಪ್‌ಡೇಟ್ ಹಿಸ್ಟರಿಯೊಳಗೆ ವಿಫಲವಾದುದರ ಮುಂದೆ ಬರೆದಿರುವ ಎರಡು ಗುರುತುಗಳನ್ನು ಕಾಗದದ ಮೇಲೆ ಇಳಿಸಿಕೊಳ್ಳುವುದು. ಒಂದು, ಕೆಬಿ ಎಂಬ ಅಕ್ಷರಗಳಿಂದ ಮೊದಲಾಗುವ ಅಪ್‌ಡೇಟಿನ ಸಂಖ್ಯೆ. ಇನ್ನೊಂದು, 0ಎಕ್ಸ್ ಎಂದು ಮೊದಲಾಗುವ ದೋಷಸಂಖ್ಯೆ. ಈ ಎರಡನೆಯದನ್ನು ನೋಡಿದೊಡನೆ ಇದೇನೋ ಮಂತ್ರಾಕ್ಷರವೆಂದು ಮುಖ ತಿರುಗಿಸುವವರೇ ಹೆಚ್ಚು. ಆದರೆ ಅದರಲ್ಲಿ ಗೂಢವಾದದ್ದೇನೂ ಇಲ್ಲ.

ಉದಾಹರಣೆಗೆ 0ಎಕ್ಸ್80070070 ಎಂಬುದನ್ನು ತೆಗೆದುಕೊಳ್ಳಿ. ಮೊದಲಿನ 8007 ಎಂಬ ಭಾಗವು ಇದು ವಿಂಡೋಸಿನ ಸಾಮಾನ್ಯ ದೋಷಗಳ ಪಟ್ಟಿಗೆ ಸೇರಿದ್ದೆಂಬುದರ ಮುದ್ರೆ; ನಿಜವಾದ ಸಂಗತಿಯಿರುವುದು ಕೊನೆಯ ನಾಲ್ಕು ಸ್ಥಾನಗಳಲ್ಲಿ. ಈ ಸಂಖ್ಯೆಗಳು ಹದಿನಾರನ್ನು ಆಧಾರವಾಗುಳ್ಳ ಎಣಿಕೆಯಲ್ಲಿರುವುದರಿಂದ 70 ಎಂದರೆ ಏಳು ಹದಿನಾರುಗಳು, ಅರ್ಥಾತ್ ನಮ್ಮ ಲೆಕ್ಕದ 112. ವಿಂಡೋಸಿನ ಪಟ್ಟಿಯಲ್ಲಿ 112ನೆಯ ದೋಷವೆಂದರೆ ಡಿಸ್ಕಿನಲ್ಲಿ ಜಾಗವಿಲ್ಲ ಎಂಬುದು. ಅದೇ ರೀತಿ 0ಎಕ್ಸ್80070020 ಎಂದರೆ 32, ಬೇಕಾದ ಕಡತವನ್ನು ಬೇರೊಂದು ಪ್ರೋಗ್ರಾಂ ಹಿಡಿದುಕೊಂಡಿದೆ ಎಂಬುದು. ಆ ಬೇರೊಂದು ಅನೇಕ ವೇಳೆ ಆಂಟಿವೈರಸ್. ಕೊನೆಯಲ್ಲಿ 0005 ಬಂದರೆ ಪ್ರವೇಶ ನಿರಾಕರಣೆ, 0002 ಬಂದರೆ ಕಡತ ಸಿಗಲಿಲ್ಲವೆಂದು ಅರ್ಥ. 0643 ಎಂಬುದನ್ನು ಬಿಡಿಸಿದರೆ 1603, ಅಂದರೆ ಸ್ಥಾಪಕನು ‘ಏನೋ ಮಹಾದೋಷ ಸಂಭವಿಸಿತು’ ಎಂದು ಕೈಚೆಲ್ಲುವ ಸಂಖ್ಯೆ. ಇದರಿಂದ ತಿಳಿಯುವುದು ಅತ್ಯಲ್ಪ. ಇನ್ನು 8024 ಎಂದು ಮೊದಲಾಗುವವು ಅಪ್‌ಡೇಟನ್ನು ತರಿಸುವ ವಿಭಾಗದ ಅಥವಾ ಅಂತರ್ಜಾಲ ಸಂಪರ್ಕದ ತೊಡಕುಗಳು. 800ಎಫ್ ಎಂಬವು ವಿಂಡೋಸಿನ ಒಳ ಉಗ್ರಾಣ ಕೆಟ್ಟಿರುವುದರ ಸೂಚನೆಗಳು. ಸಿ1900101 ಎಂಬುದು ದೊಡ್ಡ ವಾರ್ಷಿಕ ಅಪ್‌ಗ್ರೇಡಿನ ಕಾಲದಲ್ಲಿ ಯಾವುದೋ ಡ್ರೈವರ್ ಅಡ್ಡಬಂದುದರ ಕುರುಹು. ಇಷ್ಟನ್ನು ಅರಿತವನು ಎಲ್ಲಿ ಕೈಯಿಡಬೇಕು, ಎಲ್ಲಿ ಇಡಬೇಕಾಗಿಲ್ಲ ಎಂಬುದನ್ನು ಅರ್ಧದಷ್ಟು ನಿಶ್ಚಯಿಸಿಕೊಂಡಂತೆಯೇ.

ಈ ಎರಡು ಗುರುತುಗಳನ್ನೂ ಒಟ್ಟಿಗೆ ಬರೆದುಕೊಳ್ಳಬೇಕೆನ್ನುವುದಕ್ಕೆ ಇನ್ನೊಂದು ಕಾರಣವುಂಟು. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಕೆಬಿ5034441 ಎಂಬ ಅಪ್‌ಡೇಟು ಅಸಂಖ್ಯ ಯಂತ್ರಗಳಲ್ಲಿ ಮೇಲೆ ಹೇಳಿದ 0ಎಕ್ಸ್80070643 ಎಂಬ ಕುರುಡು ಸಂಖ್ಯೆಯನ್ನು ತೋರಿಸಿ ನಿಂತುಹೋಯಿತು. ಡಿಸ್ಕಿನ ಒಂದು ಮೂಲೆಯಲ್ಲಿ ಆಪತ್ಕಾಲಕ್ಕೆಂದು ವಿಂಡೋಸ್ ಮೀಸಲಿಟ್ಟುಕೊಂಡಿರುವ ರಿಕವರಿ ವಿಭಾಗವು ಇಕ್ಕಟ್ಟಾಗಿದ್ದದ್ದೇ ಇದರ ಕಾರಣ: ಅಪ್‌ಡೇಟಿಗೆ ಅಲ್ಲಿ 250 ಎಂಬಿ ಖಾಲಿ ಜಾಗ ಬೇಕಾಗಿತ್ತು, ಬಹುಮಂದಿಯ ಯಂತ್ರಗಳಲ್ಲಿ ಅಷ್ಟಿರಲಿಲ್ಲ. ಆ ವಿಭಾಗವನ್ನು ಕೈಯಿಂದಲೇ ಹಿಗ್ಗಿಸುವ ಕ್ರಮವನ್ನು ಮೈಕ್ರೋಸಾಫ್ಟಿನವರು ಪ್ರಕಟಿಸಿದರು. ಡಿಸ್ಕಿನ ವಿಭಾಗಗಳನ್ನು ಕತ್ತರಿಸಿ ಅಂಟಿಸುವ ಆ ಸಾಹಸವನ್ನು ಸಾಮಾನ್ಯ ಬಳಕೆದಾರನ ಮೇಲೆ ಹೊರಿಸಿದ್ದು ನ್ಯಾಯವೆಂದು ನನಗೆ ತೋರುವುದಿಲ್ಲ. ಇಂಥ ಸಂದರ್ಭದಲ್ಲಿ ದೋಷವು ನಮ್ಮ ಯಂತ್ರದ್ದಲ್ಲವೆಂಬುದನ್ನು ತಿಳಿದು ಸುಮ್ಮನಿರುವುದೂ ಒಂದು ಪರಿಹಾರವೇ. ಗೊತ್ತಾಗಿರುವ ದೋಷಗಳ ಪಟ್ಟಿಯನ್ನು ಮೈಕ್ರೋಸಾಫ್ಟಿನವರು ‘ರಿಲೀಸ್ ಹೆಲ್ತ್’ ಎಂಬ ಪುಟದಲ್ಲಿ ಪ್ರಕಟಿಸುತ್ತಾರೆ; ಅದನ್ನು ನೋಡದೆ ಸ್ಕ್ರೂಡ್ರೈವರನ್ನು ಹಿಡಿಯಬಾರದು.

ಈಗ ಸುಲಭೋಪಾಯಗಳಿಗೆ ಬರೋಣ. ಎಲ್ಲಕ್ಕೂ ಮೊದಲನೆಯದು ಜಾಗ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಸಂಗ್ರಹವಿರಬೇಕೆಂಬುದು ನಿಯಮ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಇರುವುದೇ ಅಷ್ಟು ಎಂದಮೇಲೆ, ಅಪ್‌ಡೇಟನ್ನು ಬಿಚ್ಚಿ ಹರಡಿಕೊಳ್ಳಲು ಸ್ಥಳವೆಲ್ಲಿಂದ ಬರಬೇಕು? ಸಿ ಡ್ರೈವಿನಲ್ಲಿ ಮಾಸಿಕ ಅಪ್‌ಡೇಟಿಗೆ ಹತ್ತು ಜಿಬಿಯಾದರೂ, ವಾರ್ಷಿಕ ಅಪ್‌ಗ್ರೇಡಿಗೆ ಅದರ ಎರಡರಷ್ಟಾದರೂ ತೆರವಿರುವಂತೆ ನೋಡಿಕೊಳ್ಳುವುದು ಕ್ಷೇಮ. ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಿ ಟೆಂಪೊರರಿ ಫೈಲ್ಸ್ ಎಂಬುದನ್ನು ಒತ್ತಿದರೆ ನಿರಪಾಯವಾಗಿ ಅಳಿಸಬಹುದಾದವುಗಳ ಪಟ್ಟಿ ಬರುತ್ತದೆ. ಆದರೆ ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಒಂದು ಸಾಲೂ ಇರುತ್ತದೆ, ಅದರ ಮುಂದಿನ ಚೌಕದಲ್ಲಿ ಗುರುತು ಬಿದ್ದಿಲ್ಲವೆಂಬುದನ್ನು ಎರಡು ಸಲ ನೋಡಿಯೇ ಮುಂದುವರಿಯಿರಿ, ಏಕೆಂದರೆ ಮಕ್ಕಳ ಅಂಕಪಟ್ಟಿಯಿಂದ ಹಿಡಿದು ಪಹಣಿಯವರೆಗೆ ನಮ್ಮ ಜನ ಇಳಿಸಿಕೊಂಡದ್ದನ್ನೆಲ್ಲ ಬಿಟ್ಟಿರುವುದು ಅಲ್ಲಿಯೇ. ವಿಂಡೋಸ್ ಓಲ್ಡ್ ಎಂಬ ಫೋಲ್ಡರು ಹಿಂದಿನ ಆವೃತ್ತಿಯ ಅವಶೇಷ. ದೊಡ್ಡ ಅಪ್‌ಗ್ರೇಡ್ ಆದ ಹತ್ತು ದಿನಗಳವರೆಗೆ ಹಿಂದಕ್ಕೆ ಮರಳುವ ಅವಕಾಶವನ್ನು ಕಾದಿಡುವುದು ಅದು, ಆಮೇಲೆ ತಾನಾಗಿಯೇ ಮಾಯವಾಗುತ್ತದೆ. ಇನ್ನು ಮದುವೆ ಮುಂಜಿಗಳ ವಿಡಿಯೊಗಳು ಸಿ ಡ್ರೈವನ್ನು ಬಿಟ್ಟು ಹೊರಗಿನ ಡಿಸ್ಕಿಗೆ ಹೋದರೆ ಮನೆಗೂ ಯಂತ್ರಕ್ಕೂ ಸುಖ.

ಎರಡನೆಯದು ಯಾರಿಗೂ ಹೊಳೆಯದ ಸಂಗತಿ, ತಾರೀಕು. ಹಳೆಯ ಡೆಸ್ಕ್‌ಟಾಪುಗಳ ಮದರ್‌ಬೋರ್ಡಿನಲ್ಲಿ ಎಂಟಾಣೆಯಷ್ಟಗಲದ, ಸಿಆರ್2032 ಎಂಬ ಹೆಸರಿನ ಒಂದು ಬ್ಯಾಟರಿಯಿರುತ್ತದೆ. ಪ್ಲಗ್ ಕಿತ್ತಿಟ್ಟಾಗಲೂ ಗಡಿಯಾರವನ್ನು ನಡೆಸುವುದು ಅದೇ. ಅದರ ಕಸುವು ಮುಗಿದಾಗ ಯಂತ್ರವು ಪ್ರತಿ ಬೆಳಿಗ್ಗೆಯೂ ತಾನು ಹುಟ್ಟಿದ ವರ್ಷದಲ್ಲೇ ಕಣ್ಣು ಬಿಡುತ್ತದೆ. ಅಪ್‌ಡೇಟನ್ನು ಕಳುಹಿಸುವ ಸರ್ವರ್ ತಾನು ನಿಜವಾದವನೆಂದು ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ದಿನಾಂಕವೂ ಮುಕ್ತಾಯದ ದಿನಾಂಕವೂ ಇರುವುದರಿಂದ, ಹತ್ತು ವರ್ಷ ಹಿಂದೆ ಬದುಕುತ್ತಿರುವ ಯಂತ್ರಕ್ಕೆ ಆ ಪ್ರಮಾಣಪತ್ರವು ಇನ್ನೂ ಹುಟ್ಟದ ಕೂಸಾಗಿ ಕಂಡು, ಸಂಪರ್ಕವನ್ನೇ ಅದು ನಿರಾಕರಿಸುತ್ತದೆ. ಪರದೆಯ ಬಲಮೂಲೆಯ ಗಡಿಯಾರವನ್ನು ಒಮ್ಮೆ ನೋಡುವುದಕ್ಕೆ ತಗಲುವ ಶ್ರಮ ಎಷ್ಟು?

ಮೂರನೆಯದಾಗಿ, ಮೊಬೈಲಿನ ಹಾಟ್‌ಸ್ಪಾಟನ್ನು ಬಳಸುವವರು ಆ ಸಂಪರ್ಕಕ್ಕೆ ‘ಮೀಟರ್ಡ್’ ಎಂಬ ಗುರುತು ಇದೆಯೇ ನೋಡಬೇಕು. ಇದ್ದರೆ ಡೇಟಾ ಉಳಿಸುವ ಸದುದ್ದೇಶದಿಂದ ವಿಂಡೋಸ್ ಹೆಚ್ಚಿನ ಅಪ್‌ಡೇಟುಗಳನ್ನು ಇಳಿಸುವುದೇ ಇಲ್ಲ. ಪ್ರಿಂಟರು, ಪೆನ್‌ಡ್ರೈವು, ಹೊರಗಿನ ಡಿಸ್ಕು ಮೊದಲಾದವುಗಳನ್ನು ಕಿತ್ತಿಡಿ. ಹಣ ಕೊಟ್ಟು ಹಾಕಿಸಿಕೊಂಡ ಆಂಟಿವೈರಸ್ ಇದ್ದರೆ ಅದನ್ನು ತಾತ್ಕಾಲಿಕವಾಗಿ ಅನ್‌ಇನ್‌ಸ್ಟಾಲ್ ಮಾಡಬಹುದು. ಅದು ಹೋದೊಡನೆ ವಿಂಡೋಸಿನದೇ ಆದ ಡಿಫೆಂಡರ್ ಕಾವಲಿಗೆ ನಿಲ್ಲುವುದರಿಂದ ಅಪಾಯವಿಲ್ಲ. ಸೆಟ್ಟಿಂಗ್ಸ್‌ನಲ್ಲಿರುವ ಟ್ರಬಲ್‌ಶೂಟರನ್ನೂ ಒಮ್ಮೆ ಓಡಿಸಿನೋಡಿ. ಅದು ಕೆಲವೊಮ್ಮೆ ಕೆಲಸ ಮಾಡುತ್ತದೆ. ಹೆಚ್ಚಿಗೆ ಹೇಳುವುದಕ್ಕೇನೂ ಇಲ್ಲ.

ಇಷ್ಟರಿಂದಲೂ ಆಗದಿದ್ದರೆ, ಇಳಿದ ಸರಕೇ ಕೆಟ್ಟಿದೆಯೆಂದು ಊಹಿಸಬೇಕು. ಅರ್ಧ ಇಳಿದು ನಿಂತದ್ದನ್ನೋ ಕರೆಂಟು ಹೋದಾಗ ಮುರಿದದ್ದನ್ನೋ ವಿಂಡೋಸ್ ಪುನಃ ಪುನಃ ಹಾಕಲು ಹೋಗಿ ಪುನಃ ಪುನಃ ಸೋಲುತ್ತಿರುತ್ತದೆ. ಆ ಸರಕೆಲ್ಲ ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ, ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಎಂಬ ಉದ್ದ ಹೆಸರಿನ ಫೋಲ್ಡರಿನಲ್ಲಿ. ಸ್ಟಾರ್ಟ್ ಗುಂಡಿಯನ್ನೊತ್ತಿ ಸರ್ವಿಸಸ್ ಎಂದು ಬೆರಳಚ್ಚಿಸಿದರೆ ತೆರೆಯುವ ಪಟ್ಟಿಯಲ್ಲಿ ‘ವಿಂಡೋಸ್ ಅಪ್‌ಡೇಟ್’ ಎಂಬುದನ್ನೂ ‘ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವಿಸ್’ ಎಂಬುದನ್ನೂ ಹುಡುಕಿ, ಮೌಸಿನ ಬಲಗುಂಡಿಯಿಂದ ಸ್ಟಾಪ್ ಮಾಡಿ, ಆಮೇಲೆ ಆ ಫೋಲ್ಡರಿನ ಹೆಸರಿನ ಕೊನೆಗೆ ಓಲ್ಡ್ ಎಂದು ಸೇರಿಸಿ ಮರುನಾಮಕರಣ ಮಾಡಿರಿ. ನೇರವಾಗಿ ಅಳಿಸದೆ ಹೆಸರು ಬದಲಿಸುವುದರ ಲಾಭವೆಂದರೆ, ಏನಾದರೂ ಎಡವಟ್ಟಾದರೆ ಹಳೆಯ ಹೆಸರನ್ನು ಮರಳಿ ಕೊಡಬಹುದು. ಕಡತ ಬಳಕೆಯಲ್ಲಿದೆಯೆಂದು ವಿಂಡೋಸ್ ತಕರಾರು ಮಾಡಿದರೆ ನಿಲ್ಲಿಸಿದ ಸರ್ವಿಸು ತಾನಾಗಿ ಎದ್ದಿದೆಯೆಂದರ್ಥ. ಮತ್ತೊಮ್ಮೆ ನಿಲ್ಲಿಸಿ ತಡಮಾಡದೆ ಹೆಸರು ಬದಲಿಸಬೇಕು. ಬಳಿಕ ರೀಸ್ಟಾರ್ಟ್ ಮಾಡಿ ಅಪ್‌ಡೇಟಿಗೆ ಕೊಟ್ಟರೆ ವಿಂಡೋಸ್ ಹೊಸ ಫೋಲ್ಡರನ್ನು ತಾನೇ ಕಟ್ಟಿಕೊಂಡು ಎಲ್ಲವನ್ನೂ ಮೊದಲಿನಿಂದ ಇಳಿಸುತ್ತದೆ. ಅಪ್‌ಡೇಟ್ ಹಿಸ್ಟರಿಯ ಪುಟ ಬರಿದಾಗಿ ಕಂಡರೆ ಗಾಬರಿ ಬೇಡ. ಅಳಿಸಿದ್ದು ಚರಿತ್ರೆಯನ್ನು ಮಾತ್ರ, ಹಿಂದೆ ಹಾಕಿದ ಅಪ್‌ಡೇಟುಗಳು ಇದ್ದಲ್ಲೇ ಇರುತ್ತವೆ.

ದೋಷಸಂಖ್ಯೆಯು 800ಎಫ್ ಎಂದು ಮೊದಲಾಗಿದ್ದರೆ, ಅಥವಾ 0ಎಕ್ಸ್80073712 ಆಗಿದ್ದರೆ, ಕೆಟ್ಟಿರುವುದು ಇಳಿದ ಸರಕಲ್ಲ, ವಿಂಡೋಸಿನ ಸ್ವಂತ ಉಗ್ರಾಣ. ಇದಕ್ಕೆ ಎರಡು ಆಜ್ಞೆಗಳುಂಟು, ಮತ್ತು ಅವುಗಳ ಅನುಕ್ರಮವು ಮುಖ್ಯ. ಈ ಅನುಕ್ರಮವನ್ನು ತಲೆಕೆಳಗು ಮಾಡಿ ಹೇಳಿಕೊಡುವವರು ಬಹಳ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟನ್ನು ಹುಡುಕಿ, ಬಲಗುಂಡಿಯೊತ್ತಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ ‘ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್’ ಎಂದು ಬೆರಳಚ್ಚಿಸಬೇಕು: ಪ್ರತಿ ಓರೆಗೆರೆಯ ಮುಂಚೆಯೂ ಒಂದು ಖಾಲಿ ಸ್ಥಳ, ಕ್ಲೀನಪ್ ಮತ್ತು ಇಮೇಜ್‌ಗಳ ನಡುವೆ ಅಡ್ಡಗೆರೆ, ರಿಸ್ಟೋರ್ ಹೆಲ್ತ್ ಎಂಬೆರಡೂ ಸೇರಿ ಒಂದೇ ಪದ. ಈ ಆಜ್ಞೆಯು ಉಗ್ರಾಣವನ್ನು ಪರೀಕ್ಷಿಸಿ ಕೆಟ್ಟ ಕಡತಗಳಿಗೆ ಬದಲಾಗಿ ಒಳ್ಳೆಯವನ್ನು ಅಂತರ್ಜಾಲದಿಂದ ತರಿಸುತ್ತದೆ. ಶೇಕಡಾ 62.3ರಲ್ಲಿ ಬಹಳ ಹೊತ್ತು ನಿಂತುಬಿಡುವುದು ಇದರ ಪ್ರಸಿದ್ಧ ಸ್ವಭಾವ. ಆಗ ಕಿಟಕಿಯನ್ನು ಮುಚ್ಚದೆ ಎದ್ದು ಹೋಗಿ ಬೇರೆ ಕೆಲಸ ನೋಡಿಕೊಳ್ಳುವುದು ಲೇಸು. ಅದು ಮುಗಿದ ನಂತರ ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ ಎಂಬ ಎರಡನೆಯ ಆಜ್ಞೆ. ಇದು ಬಳಕೆಯಲ್ಲಿರುವ ವ್ಯವಸ್ಥೆಯ ಕಡತಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟವುಗಳ ಸ್ಥಾನಕ್ಕೆ ಉಗ್ರಾಣದಿಂದ ಪ್ರತಿಗಳನ್ನು ತೆಗೆದು ಇಡುತ್ತದೆ. ಉಗ್ರಾಣವೇ ಕೆಟ್ಟಿರುವಾಗ ಇದನ್ನು ಮೊದಲು ಓಡಿಸಿದರೆ ಒಳ್ಳೆಯ ಪ್ರತಿ ಸಿಗುವುದೆಲ್ಲಿ? ದೋಷಗಳೇ ಸಿಗಲಿಲ್ಲವೆಂದೋ, ಸಿಕ್ಕಿದವುಗಳನ್ನು ಸರಿಪಡಿಸಿದೆನೆಂದೋ, ಕೆಲವನ್ನು ಸರಿಪಡಿಸಲಾಗಲಿಲ್ಲವೆಂದೋ ಕೊನೆಯಲ್ಲಿ ಅದು ತೀರ್ಪು ಕೊಡುತ್ತದೆ. ಮೂರನೆಯ ತೀರ್ಪು ಬಂದರೆ ರೀಸ್ಟಾರ್ಟ್ ಮಾಡಿ ಎರಡು ಆಜ್ಞೆಗಳನ್ನೂ ಅದೇ ಕ್ರಮದಲ್ಲಿ ಇನ್ನೊಮ್ಮೆ ನಡೆಸಬೇಕು.

ಹೀಗೆ ಸರಿಪಡಿಸಿದ್ದು ತಿಂಗಳೊಳಗಾಗಿ ಮತ್ತೆ ಕೆಟ್ಟರೆ ಸಂಶಯವು ತಂತ್ರಾಂಶವನ್ನು ಬಿಟ್ಟು ಯಂತ್ರದ ಅಂಗಗಳ ಕಡೆಗೆ ತಿರುಗಬೇಕು. ಹಾರ್ಡ್ ಡಿಸ್ಕು ಸಾಯುವ ಮುಂಚೆ ಕೊಡುವ ಸೂಚನೆಗಳಲ್ಲಿ ಅಪ್‌ಡೇಟ್ ಪದೇ ಪದೇ ಸೋಲುವುದೂ ಒಂದು. ಆಗ ಬೇರಾವ ಪ್ರಯೋಗಕ್ಕೂ ಮುನ್ನ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಡಿಸ್ಕನ್ನು ಪರೀಕ್ಷಿಸುವ ಚೆಕ್‌ಡಿಸ್ಕ್ ಆಜ್ಞೆಯನ್ನು ಓಡಿಸುವುದೆಲ್ಲ ಆಮೇಲೆ. ರ‍್ಯಾಮ್ ಮೇಲೆ ಅನುಮಾನವಿದ್ದರೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಪರೀಕ್ಷೆ ಯಂತ್ರದಲ್ಲೇ ಇದೆ.

ಮಾಸಿಕ ಅಪ್‌ಡೇಟುಗಳ ವಿಷಯದಲ್ಲಿ ಸಮಾಧಾನದ ಒಂದು ಮಾತೆಂದರೆ, ಅವು ಸಂಚಿತವಾದವುಗಳು. ಈ ತಿಂಗಳಿನದರಲ್ಲಿ ಹಿಂದಿನ ತಿಂಗಳುಗಳ ತಿದ್ದುಪಡಿಗಳೂ ಅಡಕವಾಗಿರುತ್ತವೆ. ಹೀಗಾಗಿ ಒಂದು ತಿಂಗಳಿನದು ಎಷ್ಟೇ ಹಟ ಹಿಡಿದರೂ ಮುಂದಿನದು ಸಲೀಸಾಗಿ ಕೂತು, ಹಳೆಯ ಬಾಕಿಯನ್ನೂ ತೀರಿಸಿಬಿಡಬಹುದು. ಕಾಯಲೊಲ್ಲದವರು ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಎಂಬ ತಾಣದಲ್ಲಿ ಕೆಬಿ ಸಂಖ್ಯೆಯನ್ನು ಕೊಟ್ಟು, ತಮ್ಮ ಆವೃತ್ತಿಗೆ ತಕ್ಕುದನ್ನು ಇಳಿಸಿಕೊಂಡು, ಡಬಲ್ ಕ್ಲಿಕ್ ಮಾಡಿ ಹಾಕಿಕೊಳ್ಳಬಹುದು. ಅಪ್‌ಡೇಟುಗಳೂ ತಪ್ಪು ಮಾಡುತ್ತವೆಂಬುದು ಸುಳ್ಳಲ್ಲ: 2018ರ ಅಕ್ಟೋಬರ್ 2ರಂದು ಬಿಡುಗಡೆಯಾದ ವಿಂಡೋಸ್ 10ರ 1809 ಎಂಬ ಆವೃತ್ತಿಯು ಕೆಲವರ ಡಾಕ್ಯುಮೆಂಟುಗಳನ್ನೂ ಚಿತ್ರಗಳನ್ನೂ ಅಳಿಸಿಹಾಕಿತೆಂದು ಕೆಲವೇ ದಿನಗಳಲ್ಲಿ ಹಿಂತೆಗೆಯಲ್ಪಟ್ಟು, ನವೆಂಬರ್ 13ರಂದು ತಿದ್ದಿಕೊಂಡು ಮತ್ತೆ ಬಂದಿತು. ಆದುದರಿಂದ ಅಪ್‌ಡೇಟ್ ಬಂದ ಕೂಡಲೇ ಎಲ್ಲರಿಗಿಂತ ಮೊದಲು ಹಾಕಿಕೊಳ್ಳುವ ಉತ್ಸಾಹ ಬೇಕಾಗಿಲ್ಲ. ವಾರವೊಂದು ‘ಪಾಜ್’ ಮಾಡಿಟ್ಟು, ಬೇರೆಯವರ ಅನುಭವವನ್ನು ಕೇಳಿ ಮುಂದುವರಿಯುವುದು ವಿವೇಕವೇ. ಐದು ವಾರಗಳವರೆಗೆ ಹೀಗೆ ಮುಂದೂಡಲು ಅವಕಾಶವಿದೆ.

ದೊಡ್ಡ ಅಪ್‌ಗ್ರೇಡು ಸಿ1900101 ಎಂದು ಸೋತರೆ ಯಂತ್ರವನ್ನು ತಯಾರಿಸಿದವರ ತಾಣದಿಂದ ಗ್ರಾಫಿಕ್ಸ್, ವೈಫೈ, ಸ್ಟೋರೇಜುಗಳ ಹೊಸ ಡ್ರೈವರುಗಳನ್ನು ತಂದು ಹಾಕಬೇಕು. ಅದರಿಂದಲೂ ಆಗದಾಗ, ಫಾರ್ಮ್ಯಾಟಿನಷ್ಟೇ ಪರಿಣಾಮಕಾರಿಯಾಗಿದ್ದೂ ಅದರ ಕ್ರೌರ್ಯವಿಲ್ಲದ ಒಂದು ವಿಧಾನವುಂಟು: ವಿಂಡೋಸಿನ ಮೇಲೆ ವಿಂಡೋಸನ್ನೇ ಮರಳಿ ಸ್ಥಾಪಿಸುವುದು. ಮೈಕ್ರೋಸಾಫ್ಟಿನ ತಾಣದಿಂದ ಐಎಸ್‌ಒ ಕಡತವನ್ನು ಇಳಿಸಿ, ಯಂತ್ರವು ನಡೆಯುತ್ತಿರುವಾಗಲೇ ಅದನ್ನು ತೆರೆದು ಸೆಟಪ್ ಎಂಬುದನ್ನು ಓಡಿಸಿ, ‘ಕಡತಗಳನ್ನೂ ಆ್ಯಪ್‌ಗಳನ್ನೂ ಉಳಿಸಿಕೊ’ ಎಂಬ ಆಯ್ಕೆಯನ್ನು ಕೊಟ್ಟರೆ, ವ್ಯವಸ್ಥೆ ಮಾತ್ರ ಹೊಸದಾಗಿ ನಮ್ಮ ವಸ್ತುಗಳೆಲ್ಲ ಇದ್ದಲ್ಲೇ ಉಳಿಯುತ್ತವೆ. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಇದೇ ಕೆಲಸವನ್ನು ಮಾಡುವ ಗುಂಡಿಯೊಂದು ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿದೆ. ಫಾರ್ಮ್ಯಾಟ್ ಹೊಡೆಯಲು ಬಂದವನಿಗೆ ಇದನ್ನು ಮಾಡಿನೋಡಿದ್ದೀಯಾ ಎಂದು ಕೇಳುವ ಹಕ್ಕು ನಿಮಗುಂಟು.

ಯಂತ್ರವು ಡೆಸ್ಕ್‌ಟಾಪಿನವರೆಗೆ ಬಾರದೆಯೇ ಹೋದಾಗ? ಹಚ್ಚಿ, ವಿಂಡೋಸ್ ಏಳುವ ಹೊತ್ತಿಗೆ ಪವರ್ ಗುಂಡಿಯಿಂದ ಆರಿಸಿ, ಹೀಗೆ ಸತತವಾಗಿ ಎರಡು ಮೂರು ಬಾರಿ ಆದೊಡನೆ ವಿಂಡೋಸ್ ತನ್ನ ದುರಸ್ತಿಯ ಕೋಣೆಯನ್ನು ತಾನೇ ತೆರೆಯುತ್ತದೆ. ಲಾಗಿನ್ ಪುಟದವರೆಗೆ ಬರುವುದಾದರೆ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟರೂ ಅಲ್ಲಿಗೇ ತಲಪಬಹುದು. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಎಂದು ಒಂದೊಂದೇ ಬಾಗಿಲು ದಾಟಿದರೆ ಕೊನೆಯದಾಗಿ ಬಂದ ಅಪ್‌ಡೇಟನ್ನು ಕಳಚಿಹಾಕುವ ಆಯ್ಕೆ ದೊರೆಯುತ್ತದೆ. ಮಾಸಿಕದ್ದಾದರೆ ಕ್ವಾಲಿಟಿ ಅಪ್‌ಡೇಟ್, ವಾರ್ಷಿಕವಾದರೆ ಫೀಚರ್ ಅಪ್‌ಡೇಟ್.

ಇಲ್ಲಿ ಒಂದು ಗಂಡಾಂತರವುಂಟು; ಇದನ್ನು ತುಸು ವಿಸ್ತರಿಸಿಯೇ ಹೇಳಬೇಕು. ಈಚಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕನ್ನು ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಹೆಸರಿನಲ್ಲಿ, ಯಜಮಾನನಿಗೆ ತಿಳಿದೋ ತಿಳಿಯದೆಯೋ, ಗೂಢಲಿಪಿಯಲ್ಲಿ ಬರೆದಿರುವುದುಂಟು. ಅಪ್‌ಡೇಟ್ ಕೆಟ್ಟು ದುರಸ್ತಿಯ ಕೋಣೆಗೆ ಹೋದಾಗ ಯಂತ್ರವು ನೀಲಿ ಪರದೆಯ ಮೇಲೆ 48 ಅಂಕಿಗಳ ಒಂದು ರಿಕವರಿ ಕೀಯನ್ನು ಕೇಳುತ್ತದೆ. ಅದಿಲ್ಲದೆ ಡಿಸ್ಕಿನೊಳಗಿನ ಒಂದು ಚಿತ್ರವನ್ನೂ ತೆಗೆಯಲು ಯಾವ ನಿಪುಣನಿಗೂ ಸಾಧ್ಯವಿಲ್ಲ. ಕೀಯು ಬಹುಶಃ ಯಂತ್ರವನ್ನು ಮೊದಲು ಹಚ್ಚಿದಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಬೇರೊಂದು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಆ ಖಾತೆಗೆ ಲಾಗಿನ್ ಆಗಿ, ಪರದೆಯ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರಗಳು ಯಾವುದಕ್ಕೆ ಹೊಂದುತ್ತವೆಂದು ನೋಡಿ, ಅದರ ಮುಂದಿನ 48 ಅಂಕಿಗಳನ್ನು ತುಂಬಬೇಕು. ನಮ್ಮಲ್ಲಿ ಆ ಖಾತೆಯನ್ನು ಅಂಗಡಿಯ ಹುಡುಗನೇ ತೋಚಿದ ಹೆಸರಿನಲ್ಲಿ ತೆರೆದುಕೊಟ್ಟು, ಗುಪ್ತಪದವು ಯಾರಿಗೂ ನೆನಪಿಲ್ಲದಂತಾಗಿರುವುದು ತೀರ ಸಾಮಾನ್ಯ. ಆದಕಾರಣ ಯಂತ್ರವು ಆರೋಗ್ಯವಾಗಿರುವಾಗಲೇ ಆ ಖಾತೆ ಯಾವುದೆಂದು ವಿಚಾರಿಸಿ, ಕೀಯನ್ನು ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜೊತೆಗಿಡಿ. ಅದೇ ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟು ಪ್ರಯೋಜನವಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಒಂದು ದೋಷಯುಕ್ತ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆದುಕೊಡಬೇಕಾಗಿ ಬಂದಾಗ, ದುರಸ್ತಿಗೆ ಹೋದವರನ್ನು ಕಾಡಿದ್ದರಲ್ಲಿ ಈ ಕೀಯೂ ಒಂದು. ಆ ಕುಸಿತವು ವಿಂಡೋಸ್ ಅಪ್‌ಡೇಟಿನ ತಪ್ಪೆಂದು ಈಗಲೂ ನಂಬಿರುವವರುಂಟು. ಹಾಗಲ್ಲ, ಮನೆಯ ಕಂಪ್ಯೂಟರುಗಳಿಗೆ ಅದರಿಂದ ಬಹುಮಟ್ಟಿಗೆ ಯಾವ ಬಾಧೆಯೂ ಆಗಲಿಲ್ಲ.

‘ನಾವು ಮೈಕ್ರೋಸಾಫ್ಟಿನಿಂದ ಮಾತನಾಡುತ್ತಿದ್ದೇವೆ, ನಿಮ್ಮ ಅಪ್‌ಡೇಟ್ ವಿಫಲವಾಗಿದೆ’ ಎಂದು ದೂರವಾಣಿಯಲ್ಲಿ ಹೇಳುವವರು ವಂಚಕರು; ಮೈಕ್ರೋಸಾಫ್ಟ್ ಹಾಗೆ ತಾನಾಗಿ ಕರೆ ಮಾಡುವುದಿಲ್ಲ. ಅವರ ಮಾತಿಗೆ ಮರುಳಾಗಿ ಯಂತ್ರದ ಹತೋಟಿಯನ್ನು ದೂರದಿಂದ ಬಿಟ್ಟುಕೊಟ್ಟು ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಬೇಕು.

ಎಲ್ಲವೂ ಮುಗಿದು ಫಾರ್ಮ್ಯಾಟೇ ಗತಿಯೆಂದಾದರೆ, ನಕಲು ಮಾಡಿಕೊಳ್ಳುವಾಗ ಕನ್ನಡದಲ್ಲಿ ಬರೆಯುವವರು ಮರೆಯುವ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಯೂನಿಕೋಡಿನಲ್ಲಿ ಬರೆದದ್ದು ಹೊಸ ವಿಂಡೋಸಿನಲ್ಲಿ ತೆರೆದ ಕೂಡಲೇ ಓದಲು ಬರುತ್ತದೆ. ಆದರೆ ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಅವುಗಳದೇ ಫಾಂಟುಗಳನ್ನು ನಂಬಿ ಟೈಪಿಸಿದ ಕಡತಗಳು ಆ ಫಾಂಟಿಲ್ಲದ ಯಂತ್ರದಲ್ಲಿ ವಿಚಿತ್ರ ಚಿಹ್ನೆಗಳ ಸಾಲಾಗಿ ಕಾಣಿಸುತ್ತವೆ. ಕಡತಗಳ ಜೊತೆಗೆ ಫಾಂಟುಗಳನ್ನೂ ಆ ತಂತ್ರಾಂಶದ ಸ್ಥಾಪನಾ ಪ್ರತಿಯನ್ನೂ ತೆಗೆದಿರಿಸಿಕೊಳ್ಳಿ.

ಕೊನೆಯದಾಗಿ ವಿಂಡೋಸ್ 10ರ ಯಂತ್ರಗಳು. 2015ರ ಜುಲೈ 29ರಂದು ಹುಟ್ಟಿದ ಅದಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತಾದ್ದರಿಂದ, ಆ ಬಳಿಕ ಅಪ್‌ಡೇಟ್ ಬಾರದಿರುವುದನ್ನು ದೋಷವೆಂದೆಣಿಸಿ ಮೇಲಿನ ಪ್ರಯೋಗಗಳನ್ನೆಲ್ಲ ಮಾಡುವುದು ವ್ಯರ್ಥ. ಟಿಪಿಎಂ 2.0 ಎಂಬ ರಕ್ಷಣಾ ಚಿಪ್ಪು ಮೊದಲಾದ ಅರ್ಹತೆಗಳಿದ್ದರೆ ವಿಂಡೋಸ್ 11ಕ್ಕೆ ಹೋಗಬಹುದು. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದೂ ಬಯಾಸಿನಲ್ಲಿ ಆರಿಸಿಟ್ಟಿರುತ್ತದೆ, ಅದನ್ನು ನೋಡಿಕೊಳ್ಳಬೇಕು. ಅರ್ಹತೆಯಿಲ್ಲದ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ರಕ್ಷಣಾ ಅಪ್‌ಡೇಟುಗಳನ್ನು ಮಾತ್ರ ಕೊಡುವ ಇಎಸ್‌ಯು ಎಂಬ ಯೋಜನೆಯನ್ನು ಗೊತ್ತುಮಾಡಿದ್ದು, 22ಎಚ್2 ಆವೃತ್ತಿಯಲ್ಲಿರುವವರಿಗೆ ಅದರ ನೋಂದಣಿಯ ಕೊಂಡಿಯು ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಕಾಣುತ್ತದೆ. ಸೆಟ್ಟಿಂಗ್ಸ್ ಅನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದವರಿಗೆ ಅದಕ್ಕೆ ಹಣವನ್ನೂ ಕೊಡಬೇಕಾಗಿಲ್ಲ. ಆವೃತ್ತಿ ಹಳೆಯದಾಗಿದ್ದು ಕೊಂಡಿ ಕಾಣದಿದ್ದರೆ ಮೊದಲು 22ಎಚ್2ಕ್ಕೆ ಏರಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಅದೇ ಪುಟವನ್ನು ಮತ್ತೆ ತೆರೆದು ನೋಡಿರಿ.